ಪದ ಪರಿಚಯ: ಪವರ್ ಹರಾಸ್‌ಮೆಂಟ್

ಕೆಲಸದ ಜಾಗದಲ್ಲಿ ಮೇಲುಗೈ ಇರುವವರು ಆ ಬಲದಿಂದಲೇ ಇನ್ನೊಬ್ಬರಿಗೆ ಕೊಡುವ ಕಿರುಕುಳವನ್ನು ಜಪಾನಿನಲ್ಲಿ ‘ಪವರ್ ಹರಾಸ್‌ಮೆಂಟ್’ ಎನ್ನುತ್ತಾರೆ. ಜನರ ಬಾಯಲ್ಲಿ ಅದು ‘ಪವಹರ’. 2001ರ ಸುಮಾರಿಗೆ ಯಾಸುಕೊ ಒಕಾಡಾ ಎಂಬ ಸಲಹೆಗಾರ್ತಿ ಈ ಹೆಸರನ್ನು ಬಳಕೆಗೆ ತಂದರು. 2019ರಲ್ಲಿ ಅದನ್ನು ತಡೆಯುವ ಹೊಣೆಯನ್ನು ಕಾನೂನು ಕಂಪನಿಗಳ ಮೇಲೆ ಹೊರಿಸಿತು. ದೊಡ್ಡ ಕಂಪನಿಗಳಿಗೆ 2020ರ ಜೂನ್‌ನಿಂದ, ಸಣ್ಣವಕ್ಕೆ 2022ರ ಏಪ್ರಿಲ್‌ನಿಂದ ಇದು ಕಡ್ಡಾಯ.

ಹಾಗಾದರೆ ಬಾಸ್ ಬೈದದ್ದೆಲ್ಲ ಪವಹರವೇ? ಅಲ್ಲ. ಮೂರು ಸಂಗತಿ ಕೂಡಬೇಕು: ಕಿರುಕುಳ ಕೊಡುವವರಿಗೆ ಮೇಲುಗೈ ಇರಬೇಕು, ಮಾತು ಅಥವಾ ವರ್ತನೆ ಕೆಲಸದ ಅಗತ್ಯವನ್ನು ಮೀರಿರಬೇಕು, ಅದರಿಂದ ಕೆಲಸದ ವಾತಾವರಣ ಕೆಡಬೇಕು. ಎಷ್ಟು ಹೇಳಿದರೂ ತಡವಾಗಿಯೇ ಬರುವವರನ್ನು ಸ್ವಲ್ಪ ಗಟ್ಟಿಯಾಗಿ ಗದರಿದರೆ ತಪ್ಪಿಲ್ಲ. ಅವಮಾನಿಸುವ ಮೇಲ್ ಬರೆದು ಹತ್ತು ಜನರಿಗೆ ಕಳಿಸಿದರೆ ತಪ್ಪು. ಮೇಲುಗೈ ಅಂದರೆ ಹುದ್ದೆಯೊಂದೇ ಅಲ್ಲ ಎಂಬುದೂ ಗಮನಿಸಬೇಕಾದ ಮಾತು. ಕೆಲಸದ ಒಳಗುಟ್ಟು ಬಲ್ಲ ಕಿರಿಯರು ಹೊಸ ಮ್ಯಾನೇಜರನ್ನು ಗುಂಪುಗೂಡಿ ಕಾಡಿದರೆ ಅದೂ ಇದರಲ್ಲೇ ಬರುತ್ತದೆ.

ಸರ್ಕಾರ ಆರು ಬಗೆ ಗುರುತಿಸಿದೆ. ಹೊಡೆತ, ಮಾತಿನ ಹಿಂಸೆ, ಒಬ್ಬರನ್ನೇ ದೂರ ಇಡುವುದು, ಮಾಡಲಾಗದಷ್ಟು ಕೆಲಸ ಹೇರುವುದು, ಖಾಸಗಿ ಬದುಕಿನಲ್ಲಿ ಮೂಗು ತೂರಿಸುವುದು. ಇವು ನಮಗೂ ಗೊತ್ತು. ಆರನೆಯದು, ಬೇಕೆಂದೇ ಕೆಲಸ ಕೊಡದಿರುವುದು ಅಥವಾ ಯೋಗ್ಯತೆಗೆ ತೀರಾ ಕೆಳಗಿನ ಕೆಲಸ ಕೊಡುವುದು. ನನಗೆ ಇದೇ ಮುಖ್ಯ ಅನಿಸುತ್ತದೆ, ಯಾಕೆಂದರೆ ಹೊರಗಿನವರಿಗೆ ಇದು ಕಾಣುವುದೇ ಇಲ್ಲ. ‘ಸುಮ್ನೆ ಕೂತ್ರೂ ಸಂಬಳ ಬರುತ್ತಲ್ವಾ, ಇನ್ನೇನು ಕಷ್ಟ?’ ಎಂದು ಮನೆಯವರೇ ಕೇಳಿಬಿಡುತ್ತಾರೆ.

ಜಪಾನಿನಲ್ಲಿ ಸರಿಯಾದ ಕಾರಣವಿಲ್ಲದೆ ನೌಕರರನ್ನು ತೆಗೆದರೆ ಅದು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಆದ್ದರಿಂದ ಬೇಡವಾದವರು ತಾವಾಗಿಯೇ ರಾಜೀನಾಮೆ ಕೊಡುವಂತೆ ಮಾಡುವ ದಾರಿಯನ್ನು ಕೆಲವು ಕಂಪನಿಗಳು ಹುಡುಕಿಕೊಂಡವು. ಅಂಥವರನ್ನೆಲ್ಲ ಒಂದು ಬೇರೆ ವಿಭಾಗಕ್ಕೆ ಹಾಕಿ, ಕೆಲಸವನ್ನೇ ಕೊಡದೆ ಅಥವಾ ಅರ್ಥವಿಲ್ಲದ ಕೆಲಸ ಕೊಟ್ಟು ಕೂರಿಸುವುದು. ಜನ ಇದನ್ನು ‘ಒಇದಾಶಿಬೆಯ’, ಅಂದರೆ ಹೊರಗಟ್ಟುವ ಕೋಣೆ ಎಂದು ಕರೆದರು. ಇಪ್ಪತ್ತು ವರ್ಷ ದುಡಿದವರಿಗೆ ‘ನಿನ್ನಿಂದ ಏನೂ ಬೇಕಿಲ್ಲ’ ಎಂದು ದಿನವೂ ತೋರಿಸುವುದು ಬೈಗುಳಕ್ಕಿಂತ ಕ್ರೂರ. ರಾಜೀನಾಮೆ ಕೊಡಿಸಲೆಂದೇ ಮ್ಯಾನೇಜರ್ ಮಟ್ಟದವರಿಗೆ ಯಾರು ಬೇಕಾದರೂ ಮಾಡಬಹುದಾದ ಕೆಲಸ ಹಚ್ಚುವುದನ್ನು ಸರ್ಕಾರದ ಮಾರ್ಗಸೂಚಿ ಉದಾಹರಣೆಯಾಗಿಯೇ ಕೊಟ್ಟಿದೆ.

ಕಾನೂನಿನ ಪ್ರಕಾರ ಪ್ರತಿ ಕಂಪನಿಯೂ ದೂರು ಕೇಳುವ ವ್ಯವಸ್ಥೆ ಮಾಡಬೇಕು. ದೂರು ಕೊಟ್ಟವರ ಮೇಲೆ ಸೇಡು ತೀರಿಸಿಕೊಳ್ಳುವಂತಿಲ್ಲ. ಆದರೆ ಕಿರುಕುಳ ಕೊಟ್ಟವರಿಗೆ ಈ ಕಾನೂನಿನಲ್ಲಿ ನೇರ ಶಿಕ್ಷೆ ಇಲ್ಲ. ಸರ್ಕಾರದ ಸೂಚನೆಗೂ ಬಗ್ಗದ ಕಂಪನಿಯ ಹೆಸರನ್ನು ಬಹಿರಂಗ ಮಾಡಬಹುದು, ಅಷ್ಟೇ. ಇದು ಸಾಲದು.

ನಮ್ಮಲ್ಲಿ 2013ರ ಕಾಯ್ದೆ ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳಕ್ಕೆ ಸ್ಪಷ್ಟ ವ್ಯಾಖ್ಯೆ ಕೊಟ್ಟಿದೆ. ಹತ್ತು ಅಥವಾ ಜಾಸ್ತಿ ನೌಕರರಿರುವ ಕಡೆ ದೂರು ಸಮಿತಿ ಇರಲೇಬೇಕು. ಆದರೆ ಲೈಂಗಿಕ ಕಿರುಕುಳದ ನಂಟಿಲ್ಲದೆ ಮ್ಯಾನೇಜರ್ ನಮ್ಮ ಕೆಲಸ ಕಸಿದುಕೊಂಡು, ಮೀಟಿಂಗಿಗೂ ಕರೆಯದೆ ಮೂಲೆಗೆ ತಳ್ಳಿದರೆ, ಅದನ್ನು ಆ ಸಮಿತಿಯ ಮುಂದೆ ಇಡಲು ಬರುವುದಿಲ್ಲ.