ನೀಲಿ ಮಾತ್ರೆ ಕೊಡುವ ಮುನ್ನ ಎರಡು ಮಾತು

ರಕ್ತಹೀನತೆ ತಡೆಯಲು ಸರ್ಕಾರಿ ಶಾಲೆಯ ದೊಡ್ಡ ಮಕ್ಕಳಿಗೆ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಾರೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಚಿಕ್ಕ ಮಕ್ಕಳದ್ದು ಗುಲಾಬಿ ಮಾತ್ರೆ, ಕಬ್ಬಿಣ 45 ಮಿಲಿಗ್ರಾಂ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಕೆಲವರಿಗೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಗಾಗುವುದೂ ಉಂಟು. ಏಕೆಂದು ಯಾರೂ ಹೇಳದಿದ್ದರೆ ಮಗು ಹೆದರುತ್ತದೆ, ಮನೆಯವರು ‘ಬೇಡ ಬಿಡು’ ಅನ್ನುತ್ತಾರೆ, ಮುಂದಿನ ವಾರದ ಮಾತ್ರೆ ಕಿಟಕಿಯಾಚೆ ಬೀಳುತ್ತದೆ. ಊಟವಾದ ಮೇಲೆ ನುಂಗಬೇಕು, ಕರುಳು ಹೀರದೆ ಬಿಟ್ಟ ಕಬ್ಬಿಣದಿಂದ ಬಂದ ಕಪ್ಪು ಅದು, ಗಾಬರಿ ಬೇಡ ಎಂದು ಮೊದಲೇ ಹೇಳುವ ಮೇಷ್ಟರು ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 59ರಷ್ಟು ಮಂದಿಗೆ ರಕ್ತಹೀನತೆ ಇದೆ.

ಸೊಪ್ಪಿನಲ್ಲಿ ಕಬ್ಬಿಣವಿದೆ ಎಂದು ಕಲಿಸುತ್ತೇವೆ, ಅಲ್ಲಿಗೇ ನಿಲ್ಲಿಸುತ್ತೇವೆ. ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲ ಎಂಬ ಮುಖ್ಯ ಸಂಗತಿ ಉಳಿದುಬಿಡುತ್ತದೆ. ಸೊಪ್ಪು, ಕಾಳುಗಳ ಕಬ್ಬಿಣದಲ್ಲಿ ಸ್ವಲ್ಪ ಭಾಗವನ್ನಷ್ಟೇ ಕರುಳು ಹೀರುತ್ತದೆ. ಜೊತೆಗೆ ನಿಂಬೆರಸ, ನೆಲ್ಲಿಕಾಯಿ, ಸೀಬೆಹಣ್ಣು ಇದ್ದರೆ ಅವುಗಳ ಸಿ ಜೀವಸತ್ವವು ಕಬ್ಬಿಣವನ್ನು ಕರುಳಿಗೆ ಒಗ್ಗುವ ರೂಪಕ್ಕೆ ತರುತ್ತದೆ. ಕಾಳು ನೆನೆಸಿ ಮೊಳಕೆ ಬರಿಸಿದರೆ ಕಬ್ಬಿಣಕ್ಕೆ ಅಂಟಿಕೊಳ್ಳುವ ಫೈಟೇಟ್ ತಗ್ಗುತ್ತದೆ. ಊಟವಾದ ಕೂಡಲೇ ಕುಡಿದ ಚಹಾದ ಟ್ಯಾನಿನ್ ಮಾತ್ರ ಕಬ್ಬಿಣವನ್ನು ಹಿಡಿದುಕೊಂಡು ಬಿಡುವುದೇ ಇಲ್ಲ. ಇದನ್ನು ತರಗತಿಯಲ್ಲೇ ತೋರಿಸಬಹುದು: ಹಾಲು ಹಾಕದ ಚಹಾಕ್ಕೆ ಒಂದು ಕಬ್ಬಿಣದ ಮಾತ್ರೆ ಪುಡಿ ಮಾಡಿ ಹಾಕಿದರೆ ಸ್ವಲ್ಪ ಹೊತ್ತಿಗೆ ಶಾಯಿಯಂತೆ ಕಪ್ಪಾಗುತ್ತದೆ. (ಆಮೇಲೆ ಲೋಟವನ್ನು ಮಕ್ಕಳ ಕೈಗೆ ಸಿಗದಂತೆ ಚೆಲ್ಲಬೇಕು.) ಅದನ್ನು ಕಂಡ ಮಗು ಮನೆಗೆ ಹೋಗಿ ಅಮ್ಮನಿಗೆ ಹೇಳದೆ ಇರುವುದಿಲ್ಲ.

ಇನ್ನೊಂದು ಪ್ರಯೋಗಶಾಲೆ ದಿನವೂ ಮಧ್ಯಾಹ್ನ ತೆರೆದಿರುತ್ತದೆ. ಬಿಸಿಯೂಟದ ನಿಯಮದಂತೆ ಐದನೇ ತರಗತಿವರೆಗಿನ ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಸಲ್ಲಬೇಕು. ಒಟ್ಟು 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್. ಆರರಿಂದ ಎಂಟರವರಿಗೆ 700 ಕ್ಯಾಲೊರಿ, 20 ಗ್ರಾಂ. ಮಕ್ಕಳೇ ಬೇಳೆ ತೂಗಿ, ತಲೆಗೆಷ್ಟು ಬಂತೆಂದು ಭಾಗಿಸಿ ನೋಡಲಿ. ಗಣಿತವೂ ಆಯಿತು, ತಮಗೆ ಸಲ್ಲಬೇಕಾದದ್ದು ಎಷ್ಟೆಂಬ ಅರಿವೂ ಬಂತು.

ಆಯುಷ್ಮಾನ್ ಭಾರತದ ಅಡಿ 2020ರಲ್ಲಿ ಶುರುವಾದ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಯ ಇಬ್ಬರು ಶಿಕ್ಷಕರಿಗೆ ತರಬೇತಿ ಕೊಡಬೇಕೆಂದಿದೆ. ಪೋಷಣೆಯೂ ಅದರ ವಿಷಯಗಳಲ್ಲಿ ಒಂದು. ಒಳ್ಳೆಯ ಏರ್ಪಾಡು. ಆದರೆ ಪರದೆಯ ಮೇಲಿನ ಚಿತ್ರ ನೋಡಿಕೊಂಡು ಬಂದ ಶಿಕ್ಷಕರು ಮಕ್ಕಳಿಗೂ ಚಿತ್ರವನ್ನೇ ತೋರಿಸುತ್ತಾರೆ. ಅವರು ತಕ್ಕಡಿ ಹಿಡಿಯಬೇಕು, ಕಾಳು ನೆನೆಸಬೇಕು, ಮಕ್ಕಳು ಕೇಳಬಹುದಾದ ಪ್ರಶ್ನೆಗಳಿಗೆ ಅಲ್ಲೇ ಉತ್ತರಿಸಿ ರೂಢಿ ಮಾಡಿಕೊಳ್ಳಬೇಕು. ಮಾತಿನ ಎಚ್ಚರವನ್ನೂ ಅಲ್ಲೇ ಕಲಿಯಬೇಕು. ‘ನಿನ್ನೆ ರಾತ್ರಿ ಏನು ಉಂಡೆ?’ ಎಂದು ತರಗತಿಯ ಎದುರು ಕೇಳಿದರೆ ಬಡಮನೆಯ ಮಗು ಕುಗ್ಗಿಹೋಗುತ್ತದೆ. ಸೇಬು, ಬಾದಾಮಿ ಹೊಗಳುವುದೂ ಅಂಥದ್ದೇ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವಾಗ ಪಾಠ ರಾಗಿಯಿಂದ, ಹಿತ್ತಲ ನುಗ್ಗೆಸೊಪ್ಪಿನಿಂದ ಶುರುವಾಗಲಿ.

ಬಿಸಿಯೂಟದ ಅಡುಗೆಯವರನ್ನೂ ಈ ತರಬೇತಿಗೆ ಕರೆಯಬೇಕು, ಆ ದಿನದ ಸಂಭಾವನೆ ಕೊಟ್ಟು. ಸೊಪ್ಪನ್ನು ಹೆಚ್ಚಿದ ಮೇಲೆ ತೊಳೆಯುವುದೋ ಮೊದಲೋ, ಬೇಯಿಸಿದ ನೀರು ಚೆಲ್ಲುವುದೋ ಸಾರಿಗೆ ಬಳಸುವುದೋ, ಇವೆಲ್ಲ ತೀರ್ಮಾನವಾಗುವುದು ಅವರ ಕೈಯಲ್ಲೇ.