ಫುಡ್‌ಶೆಡ್: ನಗರದ ಊಟ ಬೆಳೆಯುವ ಸೀಮೆ

ಒಂದು ನದಿಗೆ ಎಲ್ಲೆಲ್ಲಿಂದ ನೀರು ಹರಿದು ಬರುತ್ತದೋ ಅಷ್ಟೂ ಜಾಗವನ್ನು ಜಲಾನಯನ ಪ್ರದೇಶ ಅಂತೀವಿ. ಹಾಗೇ ಒಂದು ನಗರಕ್ಕೆ ಎಲ್ಲೆಲ್ಲಿಂದ ಆಹಾರ ಬರುತ್ತದೋ ಆ ಇಡೀ ಸೀಮೆಗೆ ಫುಡ್‌ಶೆಡ್ ಎಂದು ಹೆಸರು. 1929ರಲ್ಲಿ ಈ ಪದ ಬಳಸಿ ಬರೆದವರು ನ್ಯೂಯಾರ್ಕ್ ಬಂದರು ಪ್ರಾಧಿಕಾರದ ವಾಲ್ಟರ್ ಹೆಡನ್. ಅದಕ್ಕೆ ಎಂಟು ವರ್ಷ ಮುಂಚೆ, 1921ರಲ್ಲಿ, ಅಮೆರಿಕದಲ್ಲಿ ದೇಶದ ರೈಲುಗಳೆಲ್ಲ ನಿಂತುಹೋಗುವ ಮುಷ್ಕರದ ಭಯ ಹುಟ್ಟಿತ್ತು. ರೈಲು ಬರದಿದ್ದರೆ ಇಷ್ಟು ದೊಡ್ಡ ಊರು ಏನು ತಿನ್ನಬೇಕು ಎಂಬ ಚಿಂತೆ ಆಗ ಶುರುವಾಯಿತು.

ಹೆಡನ್ ಒಂದು ಮುಖ್ಯ ವ್ಯತ್ಯಾಸ ತೋರಿಸಿದರು. ನೀರು ಇಳಿಜಾರು ನೋಡಿ ಹರಿಯುತ್ತದೆ. ಆಹಾರ ಹಾಗಲ್ಲ. ಅದು ರೇಟು, ಸಾಗಾಟದ ಖರ್ಚು, ಮಾರುಕಟ್ಟೆ ನೋಡಿ ಹರಿಯುತ್ತದೆ. ಬೆಂಗಳೂರು ರೋಸ್ ಈರುಳ್ಳಿಯನ್ನೇ ನೋಡಿ. ಬೆಳೆಯುವುದು ಚಿಕ್ಕಬಳ್ಳಾಪುರ, ಕೋಲಾರದ ಕಡೆ. ತಿನ್ನುವವರು ಮಲೇಷ್ಯಾ, ಸಿಂಗಪುರದವರು. ನಮ್ಮ ಹುಳಿಗೆ ಬೀಳುವ ಈರುಳ್ಳಿ ಚಿತ್ರದುರ್ಗದಿಂದಲೋ ಮಹಾರಾಷ್ಟ್ರದಿಂದಲೋ ಬಂದಿರುತ್ತದೆ. ಹತ್ತಿರದಲ್ಲಿ ಬೆಳೆದದ್ದೆಲ್ಲ ನಮ್ಮ ತಟ್ಟೆಗೇ ಬರುತ್ತದೆ ಅಂತ ಏನೂ ಇಲ್ಲ, ಅಲ್ವಾ?

ಬೆಂಗಳೂರಿನ ಫುಡ್‌ಶೆಡ್ ಎಷ್ಟು ದೊಡ್ಡದು ಅಂತ ತಿಳಿಯೋಕೆ ಒಂದು ದಿನದ ಅಡುಗೆ ಸಾಕು. ಅಕ್ಕಿ ತುಂಗಭದ್ರಾ ಬಯಲಿನದು. ಟೊಮೆಟೊ ಕೋಲಾರದ್ದು. ಆಲೂಗಡ್ಡೆ ಹಾಸನದ್ದಿರಬಹುದು, ಉತ್ತರ ಭಾರತದ್ದೂ ಇರಬಹುದು. ಸೊಪ್ಪಿನ ಲೆಕ್ಕ ಮಾತ್ರ ಬೇರೆ. ದಂಟು, ಮೆಂತ್ಯ, ಸಬ್ಬಸಿಗೆ ಕಿತ್ತ ಮೇಲೆ ಒಂದು ದಿನ ತಡೆದರೆ ಹೆಚ್ಚು. ಸಂಜೆ ಕಿತ್ತು, ಕಟ್ಟು ಕಟ್ಟಿ, ನೀರು ಚಿಮುಕಿಸಿ, ರಾತ್ರಿಯೇ ಗಾಡಿಗೆ ಹಾಕಿದರೆ ನಸುಕಿಗೆ ಕೆ.ಆರ್. ಮಾರುಕಟ್ಟೆಯಲ್ಲಿ ಇರುತ್ತದೆ. ಬಿಸಿಲೇರುವ ಹೊತ್ತಿಗೆ ಅದೇ ಕಟ್ಟಿನ ಬೆಲೆ ಅರ್ಧ. ಹಾಗಾಗಿ ಸೊಪ್ಪು ಬೆಳೆಯುವವರು ನಗರದ ಮಗ್ಗುಲಲ್ಲೇ ಇರಬೇಕು: ಆನೇಕಲ್, ಹೊಸಕೋಟೆ, ದೊಡ್ಡಬಳ್ಳಾಪುರದ ಕಡೆ. ನಗರ ಬೆಳೆದಾಗ ಮೊದಲು ಲೇಔಟ್ ಆಗುವುದೂ ಇದೇ ಭೂಮಿ.

ಸ್ಥಳೀಯ ಆಹಾರ ಅಂದ ತಕ್ಷಣ ತುಂಬ ಜನ ತಾರಸಿ ತೋಟದ ಮಾತು ಎತ್ತುತ್ತಾರೆ. ತಾರಸಿ ತೋಟ ಒಳ್ಳೆಯದೇ. ಮಕ್ಕಳು ಬದನೆ ಗಿಡ ನೋಡುತ್ತಾರೆ, ಮನೆಗೆ ನಾಲ್ಕು ಮೆಣಸಿನಕಾಯಿ ಸಿಗುತ್ತದೆ. ಆದರೆ ಕೋಟಿ ದಾಟಿದ ಜನರ ಹೊಟ್ಟೆ ಅದರಿಂದ ತುಂಬುವುದಿಲ್ಲ. ನನ್ನ ಪ್ರಕಾರ ಮೊದಲ ಕೆಲಸ ಊರಂಚಿನ ಹೊಲವನ್ನು ಹೊಲವಾಗಿ ಉಳಿಸುವುದು. ದೇವನಹಳ್ಳಿಯ ಚಕ್ಕೋತ ನೆನಪಿಸಿಕೊಳ್ಳಿ. ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಹಣ್ಣು ಅದು. 2008ರಲ್ಲಿ ಅಲ್ಲಿ ವಿಮಾನ ನಿಲ್ದಾಣ ಬಂತು, ಜಮೀನಿನ ಬೆಲೆ ಏರಿತು, ತೋಟಗಳು ಕರಗಿದವು. ಅದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ಮಾತ್ರ ಪಟ್ಟು ಬಿಡಲಿಲ್ಲ. ಏರೋಸ್ಪೇಸ್ ಪಾರ್ಕಿಗೆಂದು ಗುರುತಿಸಿದ್ದ 1,777 ಎಕರೆಗಾಗಿ ಮೂರು ವರ್ಷಕ್ಕೂ ಜಾಸ್ತಿ ಧರಣಿ ಕೂತರು. 2025ರ ಜುಲೈನಲ್ಲಿ ಸ್ವಾಧೀನ ಕೈಬಿಡುವುದಾಗಿ ಸರ್ಕಾರ ಹೇಳಿತು. ಅವರು ಉಳಿಸಿಕೊಂಡದ್ದು ತಮ್ಮ ಬದುಕನ್ನು. ಜೊತೆಗೆ ಬೆಂಗಳೂರಿನ ರಾಗಿ, ದ್ರಾಕ್ಷಿ, ತರಕಾರಿಯನ್ನೂ ಉಳಿಸಿದರು. ನಗರದವರು ಈ ಋಣ ಮರೆಯಬಾರದು.

ಭೂಮಿ ಉಳಿದರೆ ಸಾಲದು, ನೀರು ಬೇಕು. ಇಲ್ಲಿ ಒಂದು ವಿಚಿತ್ರ ನಂಟಿದೆ. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಕೆರೆ ತುಂಬಿದರೆ ಕೊಳವೆಬಾವಿಗೆ ಜೀವ ಬರುತ್ತದೆ, ಬೆಳೆ ಬೆಳೆದು ಮತ್ತೆ ಬೆಂಗಳೂರಿಗೇ ಬರುತ್ತದೆ. ಅಂದರೆ ನಮ್ಮ ಬಚ್ಚಲ ನೀರು ಸುತ್ತು ಹಾಕಿ ನಮ್ಮ ಸಾರಿಗೇ ಸೇರುತ್ತಿದೆ. ಬರಡು ಸೀಮೆಗೆ ನೀರು ಸಿಕ್ಕಿದ್ದು ದೊಡ್ಡದು, ನಿಜ. ಆದರೆ ಮೂರನೇ ಹಂತದ ಶುದ್ಧೀಕರಣ ಬೇಕೇ ಬೇಕು ಅಂತ ಅಲ್ಲಿನ ರೈತರು ಕೇಳುತ್ತಲೇ ಇದ್ದಾರೆ. ಅದು ನ್ಯಾಯವಾದ ಬೇಡಿಕೆ. ವೃಷಭಾವತಿಯ ದಂಡೆಯಲ್ಲಿ ಕಾರ್ಖಾನೆ ನೀರು ಕುಡಿದು ಬೆಳೆದ ಸೊಪ್ಪು ತರಕಾರಿಯಲ್ಲಿ ಸೀಸದಂಥ ಲೋಹಗಳು ಸಿಕ್ಕಿದ್ದನ್ನು ನಾವು ಈಗಾಗಲೇ ಕಂಡಿದ್ದೇವೆ. ಹಸಿಕಸದ ಮಾತೂ ಅಷ್ಟೇ. ಪ್ಲಾಸ್ಟಿಕ್ ಬೆರೆಸದೆ ಕೊಟ್ಟರೆ ಅದು ಗೊಬ್ಬರ, ಬೆರೆಸಿ ಕೊಟ್ಟರೆ ಯಾವುದೋ ಹಳ್ಳಿಯ ಪಕ್ಕ ಕಸದ ಗುಡ್ಡ.

ಇನ್ನು ಮಾರಾಟ. ಟೊಮೆಟೊ ಬೆಳೆದವರ ಪಾಡು ಎಲ್ಲರಿಗೂ ಗೊತ್ತು. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿತ್ತು. ಬೇರೆ ವರ್ಷಗಳಲ್ಲಿ ಕೊಯ್ದ ಕೂಲಿಯೂ ಹುಟ್ಟದೆ ರಸ್ತೆಗೆ ಸುರಿದಿದ್ದಾರೆ. ಇಂಥ ಏರಿಳಿತ ತಡೆಯೋಕೆ ನಮ್ಮಲ್ಲಿ ಹಳೆಯ ಪ್ರಯತ್ನವೇ ಇದೆ. ತೋಟಗಾರಿಕೆ ಇಲಾಖೆಯ ಎಂ.ಎಚ್. ಮರಿಗೌಡರ ಮುತುವರ್ಜಿಯಿಂದ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಶುರುವಾಯಿತು. ಅದೇ ಮುಂದೆ ಹಾಪ್‌ಕಾಮ್ಸ್ ಆಯಿತು. ರೈತರಿಂದ ನೇರ ಕೊಂಡು ಬಡಾವಣೆಯ ಮಳಿಗೆಯಲ್ಲಿ ಮಾರುವ ಆ ಯೋಚನೆಗೆ ಈಗಲೂ ಬೆಲೆ ಇದೆ. ಮಳಿಗೆಗಳಿಗೆ ಹೊಸ ಜೀವ ತುಂಬಬೇಕಷ್ಟೆ.

ಬ್ರೆಜಿಲಿನ ಬೆಲೊ ಹೊರಿಜೊಂಟೆ ನಗರ 1993ರಲ್ಲಿ ಜನರ ಆಹಾರದ ವಿಷಯ ನೋಡಿಕೊಳ್ಳಲೆಂದೇ ಪಾಲಿಕೆಯಲ್ಲಿ ಒಂದು ವಿಭಾಗ ತೆರೆಯಿತು. ಸುತ್ತಲ ಹಳ್ಳಿಯ ಸಣ್ಣ ರೈತರಿಗೆ ಊರೊಳಗೆ ಮಾರುವ ಜಾಗ ಕೊಟ್ಟಿತು. ವ್ಯಾಪಾರಿಗಳಿಗೆ ಒಳ್ಳೆಯ ಜಾಗದಲ್ಲಿ ಅಂಗಡಿ ಕೊಟ್ಟು, ಬದಲಿಗೆ ಸುಮಾರು ಇಪ್ಪತ್ತು ಪದಾರ್ಥಗಳನ್ನು ನಿಗದಿ ಬೆಲೆಗೆ ಮಾರಬೇಕೆಂದಿತು. ವಾರದ ಕೊನೆಗೆ ಬಡವರ ಬಡಾವಣೆಗೂ ಹೋಗಿ ಮಾರಬೇಕೆಂಬ ಷರತ್ತು ಹಾಕಿತು. ಕಡಿಮೆ ಬೆಲೆಯ ಜನತಾ ಊಟದ ಮನೆಗಳನ್ನೂ ನಡೆಸಿತು. ಇದಕ್ಕೆಲ್ಲ ತಗುಲಿದ್ದು ಪಾಲಿಕೆ ಬಜೆಟ್‌ನ ಶೇ 2ಕ್ಕಿಂತ ಕಡಿಮೆ.

ಬೆಂಗಳೂರಿನಲ್ಲಿ 2017ರಿಂದ ಇಂದಿರಾ ಕ್ಯಾಂಟೀನ್‌ಗಳಿವೆ. ಹಾಸ್ಟೆಲ್‌ಗಳಿವೆ, ಅಂಗನವಾಡಿಗಳಿವೆ, ಸರ್ಕಾರಿ ಆಸ್ಪತ್ರೆಗಳಿವೆ. ಎಲ್ಲ ಕಡೆ ದಿನವೂ ಒಲೆ ಹೊತ್ತಲೇಬೇಕು. ಇವುಗಳಿಗೆ ಬೇಕಾದ ಸೊಪ್ಪು, ರಾಗಿ, ಟೊಮೆಟೊವನ್ನು ಸುತ್ತಲ ಜಿಲ್ಲೆಗಳ ರೈತ ಸಂಘಗಳಿಂದ, ಬಿತ್ತನೆಗೆ ಮುಂಚೆಯೇ ಬೆಲೆ ಗೊತ್ತು ಮಾಡಿಕೊಂಡು ಕೊಳ್ಳಬಹುದು. ಹಾಗೆ ಬೆಲೆ ಗೊತ್ತಿದ್ದರೆ ಹೊಸಕೋಟೆಯ ಸೊಪ್ಪಿನ ರೈತ, ಜಮೀನು ಕೇಳಿಕೊಂಡು ಬಂದ ಬ್ರೋಕರ್‌ಗೆ ಕೊಡುವುದಿಲ್ಲ ಅಂತ ಧೈರ್ಯವಾಗಿ ಹೇಳಬಹುದು.