ಬೀಗದ ಚಿತ್ರ ನೋಡಿ ಜನ ಏನೆಂದುಕೊಳ್ಳುತ್ತಾರೆ?

ಮಳೆ ನಿಂತ ಮೇಲೆ ಮುಳ್ಳಯ್ಯನಗಿರಿಗೆ ಹೊರಡುವವರು ಮೊದಲು ಮಾಡುವ ಕೆಲಸ ಮೊಬೈಲಿನಲ್ಲಿ ಹೋಂಸ್ಟೇ ಹುಡುಕುವುದು. ಚಿಕ್ಕಮಗಳೂರಿನಲ್ಲಿ ಮನೆಯೂ ಇಲ್ಲದ, ತೋಟವೂ ಇಲ್ಲದ ಹೋಂಸ್ಟೇ ಒಂದಕ್ಕೆ ಚೆಂದದ ಪುಟ ಮಾಡಿ, ಕದ್ದ ಫೋಟೊ ಹಾಕಿ ಮುಂಗಡ ಕೇಳುವುದು ಇವತ್ತು ಕಷ್ಟದ ಕೆಲಸವಲ್ಲ. ಅಂಥ ನಕಲಿ ಪುಟದ ವಿಳಾಸದ ಪಕ್ಕದಲ್ಲೂ ಪುಟ್ಟ ಬೀಗದ ಚಿತ್ರ ಕಾಣಬಹುದು. ಬೀಗ ಸುಳ್ಳು ಹೇಳುತ್ತಿರುವುದಿಲ್ಲ. ನೋಡಿದವರು ಅದನ್ನು ಬೇರೆಯೇ ರೀತಿ ಓದಿಕೊಂಡಿರುತ್ತಾರೆ. ಆ ತಪ್ಪನ್ನು ಓದಿದವರ ತಲೆಗೆ ಕಟ್ಟುವುದು ಅನ್ಯಾಯ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಬೀಗ ಹೇಳುವುದು ಎರಡೇ ಸಂಗತಿ. ನಿಮ್ಮ ಮೊಬೈಲಿನಿಂದ ಸರ್ವರ್‌ವರೆಗೆ ಮಾಹಿತಿ ಗೂಢಲಿಪಿಯಲ್ಲಿ ಹೋಗುತ್ತಿದೆ, ನಡುವೆ ಯಾರೂ ಓದಲಾರರು, ತಿದ್ದಲಾರರು. ಜೊತೆಗೆ, ವಿಳಾಸದಲ್ಲಿ ಯಾವ ಹೆಸರಿದೆಯೋ ಆ ಹೆಸರಿನ ಸರ್ವರ್ ಜೊತೆಗೇ ನೀವು ವ್ಯವಹರಿಸುತ್ತಿದ್ದೀರಿ. ಆ ಹೆಸರು ಇಟ್ಟುಕೊಂಡವನು ಒಳ್ಳೆಯವನೋ ಕಳ್ಳನೋ, ಅದರ ಗೊಡವೆ ಬೀಗಕ್ಕಿಲ್ಲ. ಮೂಡಿಗೆರೆಯ ತೋಟದಿಂದ ಹಾಸನದ ಕ್ಯೂರಿಂಗ್ ವರ್ಕ್ಸ್‌ಗೆ ಹೋದ ಕಾಫಿ ಮೂಟೆಯ ಹೊಲಿಗೆ ಬಿಚ್ಚಿಲ್ಲವೆಂದರೆ ದಾರಿಯಲ್ಲಿ ಯಾರೂ ಕೈ ಹಾಕಿಲ್ಲ ಎಂದಷ್ಟೇ ಅರ್ಥ; ಮೂಟೆ ಇಳಿಸಿಕೊಂಡವನು ದುಡ್ಡು ಕೊಡುತ್ತಾನೋ ಇಲ್ಲವೋ ಹೊಲಿಗೆಗೆ ಗೊತ್ತಿಲ್ಲ. ಹಿಂದೆ ಜಾಲತಾಣವೊಂದಕ್ಕೆ ಈ ಬೀಗ ಬರಲು ಬೇಕಾದ ಡಿಜಿಟಲ್ ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ ದುಡ್ಡು ಕೊಡಬೇಕಿತ್ತು. 2015ರ ಕೊನೆಯಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಅದನ್ನು ಎಲ್ಲರಿಗೂ ಉಚಿತವಾಗಿ ಕೊಡತೊಡಗಿತು. ಇಡೀ ಅಂತರ್ಜಾಲಕ್ಕೆ ಇದರಿಂದ ಒಳ್ಳೆಯದೇ ಆಯಿತು, ಆದರೆ ಬೀಗ ವಂಚಕರ ಕೈಗೂ ಸುಲಭವಾಗಿ ಸಿಕ್ಕಿತು. 2019ರಲ್ಲಿ ಅಮೆರಿಕದ ಎಫ್‌ಬಿಐ, ಬರೀ ಬೀಗ ನೋಡಿ ನಂಬಬೇಡಿ ಎಂದು ಸಾರ್ವಜನಿಕವಾಗಿ ಎಚ್ಚರಿಸಬೇಕಾಯಿತು.

ಒಂದು ಸಂಕೇತ ಜನರಿಗೆ ಅರ್ಥವಾಗುತ್ತದೋ ಇಲ್ಲವೋ ಎಂದು ಅಳೆಯುವ ಶಾಸ್ತ್ರ ಹೊಸದೇನಲ್ಲ. ಕಾರ್ಖಾನೆಗಳ ಅಪಾಯದ ಫಲಕಗಳಿಗೆ ಅಮೆರಿಕದಲ್ಲಿ ಒಂದು ಮಾನದಂಡವಿದೆ: ಕೇಳಿದವರಲ್ಲಿ 85% ಮಂದಿಯಾದರೂ ಸರಿಯಾದ ಅರ್ಥ ಹೇಳಬೇಕು, ಅಪಾಯಕಾರಿ ಗೊಂದಲ 5% ದಾಟಬಾರದು. ಅಪಾಯಕಾರಿ ಗೊಂದಲವೆಂದರೆ ಸಂಕೇತ ಹೇಳುವುದಕ್ಕೆ ತದ್ವಿರುದ್ಧವಾಗಿ ತಿಳಿದು ತೊಂದರೆಗೆ ಸಿಲುಕುವುದು. ‘ಗೊತ್ತಿಲ್ಲ’ ಎಂದವನು ಇನ್ನೊಬ್ಬರನ್ನು ಕೇಳಿಯಾನು, ‘ಗೊತ್ತು’ ಎಂದು ತಪ್ಪು ತಿಳಿದವನು ಯಾರನ್ನೂ ಕೇಳುವುದಿಲ್ಲ. ಈ ಎರಡನೆಯ ಲೆಕ್ಕವೇ ನನಗೆ ಮುಖ್ಯವಾಗಿ ಕಾಣುವುದು. ಬೀಗದ ವಿಷಯದಲ್ಲಿ ಗೂಗಲ್ 2021ರಲ್ಲಿ ನಡೆಸಿದ ಅಧ್ಯಯನದಲ್ಲಿ ನಿಖರ ಅರ್ಥ ಹೇಳಿದವರು 11% ಮಾತ್ರ.

ಅದಕ್ಕೂ ಎಷ್ಟೋ ಮೊದಲು, 2006ರಲ್ಲಿ, ರಚನಾ ಧಮಿಜಾ ಮತ್ತು ಸಹ ಸಂಶೋಧಕರು 22 ಜನರಿಗೆ 20 ಜಾಲತಾಣ ತೋರಿಸಿ ಅಸಲಿ ಯಾವುದು, ನಕಲಿ ಯಾವುದು ಎಂದು ಕೇಳಿದ್ದರು. ಚೆನ್ನಾಗಿ ಮಾಡಿದ ನಕಲಿಯೊಂದಕ್ಕೆ 90% ಮಂದಿ ಮೋಸಹೋದರು. ಅದರದು ಒಂದು ಬ್ಯಾಂಕಿನದನ್ನೇ ಹೋಲುವ ವಿಳಾಸ. ಡಬ್ಲ್ಯು ಅಕ್ಷರದ ಜಾಗದಲ್ಲಿ ಎರಡು ವಿ ಕೂರಿಸಿದ್ದರು, ಪುಟದ ಒಳಗೇ ಒಂದು ಬೀಗದ ಚಿತ್ರ ಅಂಟಿಸಿದ್ದರು. ಬ್ರೌಸರ್ ತೋರಿಸುವ ಬೀಗಕ್ಕೂ ಪುಟ ಮಾಡಿದವನು ಅಂಟಿಸಿದ ಬೀಗಕ್ಕೂ ವ್ಯತ್ಯಾಸವಿದೆ ಎಂಬುದೇ ಹಲವರಿಗೆ ಹೊಳೆದಿರಲಿಲ್ಲ. ಹೊಳೆಯಬೇಕಾದರೂ ಯಾಕೆ? ಯಾರೂ ಹೇಳಿಕೊಟ್ಟಿರಲಿಲ್ಲವಲ್ಲ.

ಮರುವರ್ಷ ಸ್ಟುವರ್ಟ್ ಶೆಕ್ಟರ್, ಧಮಿಜಾ ಮತ್ತಿತರರು ಒಂದು ಹೆಜ್ಜೆ ಮುಂದೆ ಹೋದರು. 67 ಬ್ಯಾಂಕ್ ಗ್ರಾಹಕರಿಗೆ ಬ್ಯಾಂಕಿನ ಕೆಲಸ ಕೊಟ್ಟು, ಸುರಕ್ಷತೆಯ ಗುರುತುಗಳನ್ನು ಒಂದೊಂದಾಗಿ ತೆಗೆಯುತ್ತಾ ಬಂದರು. ಸುರಕ್ಷಿತ ಸಂಪರ್ಕದ ಗುರುತು ತೆಗೆದಾಗ ಪಾಸ್‌ವರ್ಡ್ ಹಾಕದೆ ನಿಂತವರು ಒಬ್ಬರೂ ಇಲ್ಲ. ಈ ಪ್ರಯೋಗದ ಇನ್ನೊಂದು ಫಲಿತಾಂಶ ನನಗೆ ಅದಕ್ಕಿಂತಲೂ ಬೆಲೆಬಾಳುವಂಥದ್ದು: ಕೆಲವರಿಗೆ ನಟಿಸಲು ಬೇರೆಯವರ ಖಾತೆ ಕೊಟ್ಟಿದ್ದರು, ಕೆಲವರು ತಮ್ಮದೇ ಖಾತೆ ಬಳಸಿದರು. ನಟಿಸಿದವರು ಹೆಚ್ಚು ಅಜಾಗರೂಕರಾಗಿದ್ದರು. ಅಂದರೆ ತನ್ನ ದುಡ್ಡು ಪಣಕ್ಕಿಲ್ಲದವನ ಉತ್ತರವನ್ನು ಪೂರ್ತಿ ನಂಬುವ ಹಾಗಿಲ್ಲ.

2016ರಲ್ಲಿ ಏಡ್ರಿಯನ್ ಪೋರ್ಟರ್ ಫೆಲ್ಟ್ ಅವರ ತಂಡ ಗೂಗಲ್‌ನ ಕ್ರೋಮ್ ಬ್ರೌಸರ್‌ಗಾಗಿ ನಲವತ್ತು ಚಿತ್ರಗಳನ್ನು ಸಾವಿರಾರು ಜನರ ಮುಂದಿಟ್ಟು, ಸಂಪರ್ಕ ಸುರಕ್ಷಿತವೋ ಅಲ್ಲವೋ ಎಂದು ತಿಳಿಸಲು ಮೂರು ಗುರುತುಗಳನ್ನು ಆರಿಸಿತು. ಕೊನೆಗೆ 2023ರ ಸೆಪ್ಟೆಂಬರಿನಲ್ಲಿ ಕ್ರೋಮ್ ಬೀಗವನ್ನೇ ಕೈಬಿಟ್ಟಿತು. ಈಗ ಆ ಜಾಗದಲ್ಲಿ ಇರುವುದು ಎರಡು ಗೆರೆ, ಎರಡು ಬೊಟ್ಟು. ಅದನ್ನು ನೋಡಿ ಯಾರಿಗೂ ಸುಳ್ಳು ಧೈರ್ಯ ಬರುವುದಿಲ್ಲ. ನನ್ನ ಮಟ್ಟಿಗೆ ಇದು ಸರಿಯಾದ ನಿರ್ಧಾರ. ಬೇರೆ ಕೆಲವು ಬ್ರೌಸರ್‌ಗಳಲ್ಲಿ ಬೀಗ ಇನ್ನೂ ಉಳಿದಿದೆ.

ಇಂಥ ಪರೀಕ್ಷೆ ನಮ್ಮ ಜಿಲ್ಲೆಗಳಲ್ಲಿ ಕನ್ನಡದಲ್ಲಿ ನಡೆಯಬೇಕು. ಹಾಸನದ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಇದನ್ನು ಕೈಗೆತ್ತಿಕೊಳ್ಳಬಹುದು, ಆದರೆ ಸಹಪಾಠಿಗಳನ್ನೇ ಕೇಳಿ ಮುಗಿಸಬಾರದು. ಪಹಣಿ ತೆಗೆಸಲು ಗ್ರಾಮ ಒನ್ ಕೇಂದ್ರಕ್ಕೆ ಬಂದವರು, ಸ್ವಸಹಾಯ ಸಂಘದ ಲೆಕ್ಕ ಬರೆಯುವ ಹೆಂಗಸರು, ಅರಸೀಕೆರೆಯ ತೆಂಗಿನಕಾಯಿ ವ್ಯಾಪಾರಿ, ಸಕಲೇಶಪುರದ ತೋಟದ ರೈಟರ್, ಇವರೆಲ್ಲ ಇರಬೇಕು. ‘ಇದು ಸುರಕ್ಷಿತವೇ?’ ಎಂದು ಕೇಳಿದರೆ ಕೇಳಿದವರ ಮುಖ ನೋಡಿ ಹೌದು ಅಂದುಬಿಡುತ್ತಾರೆ. ‘ಇದು ಏನು ಹೇಳುತ್ತಿದೆ ಅಂತ ನಿಮಗನಿಸುತ್ತೆ?’ ಎಂದು ಕೇಳಿ ಸುಮ್ಮನಿರಬೇಕು, ಅವರ ಮಾತಿನಲ್ಲೇ ಬರೆದುಕೊಳ್ಳಬೇಕು. ಪರೀಕ್ಷೆ ಅವರದೇ ಮೊಬೈಲಿನಲ್ಲಿ ನಡೆಯಬೇಕು, ಏಕೆಂದರೆ ಪುಟವನ್ನು ಮೇಲೆ ಸರಿಸಿದ ಕೂಡಲೇ ವಿಳಾಸದ ಪಟ್ಟಿ ಮರೆಯಾಗುವುದು ಅಲ್ಲೇ. ಯಾರ ನಿಜವಾದ ಪಾಸ್‌ವರ್ಡನ್ನೂ ಒಟಿಪಿಯನ್ನೂ ಸಂಗ್ರಹಿಸಕೂಡದು. ಮುಗಿದ ಮೇಲೆ ಯಾವುದು ನಕಲಿ, ಹೇಗೆ ಎಂದು ಕೂತು ವಿವರಿಸಲೇಬೇಕು. ಅಷ್ಟೂ ಮಾಡದೆ ಎದ್ದು ಬಂದರೆ ಅವರ ಸಮಯ ಕದ್ದಂತೆ.

ಈಗ ಪರೀಕ್ಷಿಸಲು ಹೊಸ ಗುರುತೊಂದೂ ಬಂದಿದೆ. ರಿಸರ್ವ್ ಬ್ಯಾಂಕ್ ಸೂಚನೆಯಂತೆ ದೇಶದ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ‘ಬ್ಯಾಂಕ್ ಡಾಟ್ ಇನ್’ ಎಂದು ಕೊನೆಯಾಗುವ ವಿಳಾಸಕ್ಕೆ ಬದಲಾಗಬೇಕಿತ್ತು. ಅಂಥ ವಿಳಾಸವನ್ನು ಬ್ಯಾಂಕುಗಳಿಗೆ ಬಿಟ್ಟು ಬೇರೆಯವರಿಗೆ ಕೊಡುವುದಿಲ್ಲ. ಬೀಗ ಹೇಳದ ಸಂಗತಿಯನ್ನು, ಅಂದರೆ ಆಚೆ ಇರುವವರು ಯಾರು ಎಂಬುದನ್ನು, ಇದು ಹೇಳುತ್ತದೆ. ಆದರೆ ಹೇಳುವುದು ವಿಳಾಸದ ಕೊನೆ ಮಾತ್ರ. ವಂಚಕನೊಬ್ಬ ‘ಬ್ಯಾಂಕ್ ಡಾಟ್ ಇನ್’ ಎಂಬುದನ್ನು ವಿಳಾಸದ ನಡುವೆ ತುರುಕಿ, ಅದರ ನಂತರ ಇನ್ನೊಂದು ಚುಕ್ಕೆ ಇಟ್ಟು ತನ್ನ ಹೆಸರು ಸೇರಿಸಿದರೆ, ಆಲೂರಿನಲ್ಲೋ ಕಡೂರಿನಲ್ಲೋ ಎಷ್ಟು ಜನ ಅದನ್ನು ಹಿಡಿಯುತ್ತಾರೆ? ಬ್ಯಾಂಕುಗಳು ಜಾಹೀರಾತು ಕೊಡುವ ಮೊದಲು ಇದನ್ನು ಕೇಳಿ ತಿಳಿಯಬೇಕು.